ನನಗಾಗಿ ಬರೆಯುವ ಡೈರಿಯಲ್ಲಿ ಸಾಹಿತ್ಯಕ್ಕೆ ಎಷ್ಟು ಜಾಗ ಕೊಡಬೇಕು?

ಬಿಡಿಹಾಳೆ

ಹದಿಹರೆಯದಿಂದಲೂ ಡೈರಿ ಬರೆಯುತ್ತ ಬಂದಿದ್ದೇನೆ. ಅದನ್ನು ಯಾರಿಗೂ ತೋರಿಸಿದ್ದಿಲ್ಲ, ತೋರಿಸಬೇಕೆಂದು ಅನ್ನಿಸಿದ್ದೂ ಇಲ್ಲ. ಸಿಟ್ಟು ಬಂದ ದಿನ ಸಿಟ್ಟನ್ನು, ಬೇಸರವಾದ ದಿನ ಬೇಸರವನ್ನು, ಏನೂ ನಡೆಯದ ದಿನ ಏನೂ ನಡೆಯಲಿಲ್ಲವೆಂಬುದನ್ನು ಬರೆದು ಮುಚ್ಚಿಡುತ್ತಿದ್ದೆ. ಈಚೆಗೆ ಸಣ್ಣಕಥೆಗಳನ್ನು ಬರೆಯಲು ತೊಡಗಿದ ಮೇಲೆ ಡೈರಿಯ ದನಿಯೇ ಬದಲಾಗಿಬಿಟ್ಟಿದೆ. ಪೆನ್ನು ಹಿಡಿದ ಕೂಡಲೇ ಯಾರೋ ಬೆನ್ನ ಹಿಂದೆ ನಿಂತು ಓದುತ್ತಿದ್ದಾರೆಂಬ ಭಾವನೆ ಬರುತ್ತದೆ. ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸಿ ಇನ್ನೂ ಒಳ್ಳೆಯ ಪದ ಸಿಕ್ಕೀತೇ ಎಂದು ಹುಡುಕುತ್ತೇನೆ.

ಉದಾಹರಣೆಯನ್ನೇ ಕೊಡುತ್ತೇನೆ. ಹಿಂದೊಮ್ಮೆ ಹೀಗೆ ಬರೆದಿದ್ದೆ: "ಅಕ್ಕ ಮತ್ತೆ ಎಲ್ಲರೆದುರು ನನ್ನ ಕೆಲಸದ ಮಾತು ತೆಗೆದಳು. ನಾನು ಉತ್ತರ ಕೊಡಲಿಲ್ಲ. ತಟ್ಟೆ ತೊಳೆಯುವಾಗ ಕೈ ನಡುಗುತ್ತಿತ್ತು." ಮೊನ್ನೆ ಅಂಥದೇ ಒಂದು ಸಂಜೆಯ ನಂತರ ಬರೆದದ್ದು ಇದು: "ಮುಸ್ಸಂಜೆಯ ಬೆಳಕು ಗೋಡೆಯ ಮೇಲೆ ನಿಧಾನವಾಗಿ ಸಾಯುತ್ತಿತ್ತು; ಆಡದೆ ಉಳಿದ ಮಾತುಗಳು ಮನೆಯ ಮೂಲೆ ಮೂಲೆಗಳಲ್ಲಿ ಬಲೆ ನೇಯುತ್ತಿದ್ದವು." ಎರಡನೆಯದನ್ನು ಓದಿದರೆ ಅಂದು ಏನಾಯಿತೆಂದು ನನಗೇ ತಿಳಿಯುವುದಿಲ್ಲ. ಹಾಗೆಂದು ಬರವಣಿಗೆಯ ಅಭ್ಯಾಸವನ್ನು ಡೈರಿಯಿಂದ ಪೂರ್ತಿಯಾಗಿ ಹೊರಹಾಕುವುದಕ್ಕೂ ಮನಸ್ಸಿಲ್ಲ, ಏಕೆಂದರೆ ನನ್ನ ಕಥೆಗಳ ಬೀಜಗಳೆಲ್ಲ ಅಲ್ಲಿಯೇ ಇವೆ.

ಎರಡು ಪುಸ್ತಕ ಇಟ್ಟುಕೊಳ್ಳಬೇಕೇ, ಒಂದರಲ್ಲೇ ಎರಡನ್ನೂ ಸಂಭಾಳಿಸಬಹುದೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಶಾಯಿಬುಡ್ಡಿ

ಎರಡು ಪುಸ್ತಕ ಇಟ್ಟುಕೊಳ್ಳಿ. ಒಂದಕ್ಕೆ ಬೀಗ, ಇನ್ನೊಂದಕ್ಕೆ ಓದುಗ.

ಕರಡುಪ್ರತಿ

ಶಾಯಿಬುಡ್ಡಿಯವರ ಮಾತನ್ನು ನಾನು ಒಪ್ಪುವುದಿಲ್ಲ. ಎರಡು ಪುಸ್ತಕ ಇಟ್ಟವರನ್ನು ಬಹಳ ಮಂದಿ ನೋಡಿದ್ದೇನೆ. ಕೆಲವೇ ವಾರಗಳಲ್ಲಿ "ಸಾಹಿತ್ಯದ" ಪುಸ್ತಕ ತುಂಬುತ್ತದೆ, ಖಾಸಗಿ ಪುಸ್ತಕ ಧೂಳು ಹಿಡಿಯುತ್ತದೆ. ಮೆಚ್ಚುಗೆ ಸಿಗುವ ಕಡೆಗೆ ಕೈ ತಾನಾಗಿ ಹೋಗುವುದು ಸಹಜ. ಬಿಡಿಹಾಳೆಯವರ ತೊಂದರೆ ಪುಸ್ತಕಗಳ ಸಂಖ್ಯೆಯಲ್ಲಿ ಇರುವುದಾಗಿ ನನಗೆ ತೋರುವುದಿಲ್ಲ. ಬರೆಯುವ ಹೊತ್ತಿನಲ್ಲೇ ಓದುಗನನ್ನು ಒಳಗೆ ಬಿಟ್ಟುಕೊಂಡಿದ್ದಾರೆ. ಆ ಓದುಗನನ್ನು ಹೊರಗೆ ಕಳಿಸುವ ದಾರಿ ಗೊತ್ತಾಗದಿದ್ದರೆ ನಾಲ್ಕು ಪುಸ್ತಕ ಇಟ್ಟರೂ ನಾಲ್ಕರಲ್ಲೂ ಅವನೇ ಕುಳಿತಿರುತ್ತಾನೆ.

ಇನ್ನೊಂದು ವಿಷಯ. ನೀವು ಕೊಟ್ಟಿರುವ ಎರಡು ಉದಾಹರಣೆಗಳಲ್ಲಿ ಸಾಹಿತ್ಯದ ದೃಷ್ಟಿಯಿಂದಲೂ ಮೊದಲನೆಯದೇ ಮೇಲು. "ತಟ್ಟೆ ತೊಳೆಯುವಾಗ ಕೈ ನಡುಗುತ್ತಿತ್ತು" ಎಂಬಲ್ಲಿ ಒಬ್ಬ ಮನುಷ್ಯರಿದ್ದಾರೆ, ಅವರ ಕೈ ಇದೆ, ನುಂಗಿಕೊಂಡ ಮಾತಿದೆ. ಸಾಯುವ ಬೆಳಕು, ಬಲೆ ನೇಯುವ ಮಾತು ಇವೆಲ್ಲ ಎಲ್ಲಿಂದಲೋ ಬಂದು ಕುಳಿತ ಪದಗಳು. ಯಾರೂ ಓದುವುದಿಲ್ಲವೆಂಬ ಧೈರ್ಯದಿಂದ ಬರೆದ ಸಾಲೇ ಓದಿಸಿಕೊಳ್ಳುತ್ತಿದೆ ಎಂಬುದನ್ನು ಗಮನಿಸಿ.

ಗೀಚುಬರಹ

ಕರಡುಪ್ರತಿಯವರೇ, ಸರಳ ವಾಕ್ಯವೆಂದರೆ ನಿಜ, ಅಲಂಕಾರವೆಂದರೆ ಸೋಗು ಎಂದು ಅಷ್ಟು ಬೇಗ ತೀರ್ಪು ಕೊಡಬೇಡಿ. ನನಗೆ ರೂಪಕವೇ ಮೊದಲು ಹೊಳೆಯುತ್ತದೆ. "ನನಗೆ ಬೇಸರವಾಯಿತು" ಎಂದು ಬರೆದರೆ ಅದು ಯಾರದೋ ಬಾಯಿಂದ ಬಂದ ವರದಿಯಂತೆ ಕಾಣುತ್ತದೆ; ಒಂದು ಚಿತ್ರ ಹೊಳೆದು, ಅದನ್ನು ಹಿಂಬಾಲಿಸಿಕೊಂಡು ಹೋದ ಮೇಲೆಯೇ ಆ ಬೇಸರ ಯಾವ ಬಗೆಯದೆಂದು ತಿಳಿಯುವುದು. ನನ್ನ ಡೈರಿಯ ಬಹುಪಾಲು ಪದ್ಯದಲ್ಲಿದೆ. ಅದನ್ನು ಯಾರಿಗೂ ತೋರಿಸಿಲ್ಲ. ಓದುಗನೇ ಇಲ್ಲದ ಕಡೆ ಅದನ್ನು ಪ್ರದರ್ಶನವೆಂದು ಹೇಗೆ ಕರೆಯುತ್ತೀರಿ?

ಕರಡುಪ್ರತಿ

ಬರೆಯುವವರೇ ತಮ್ಮ ಓದುಗರಾಗಿ ಚಪ್ಪಾಳೆ ತಟ್ಟಿಕೊಳ್ಳುವುದೂ ಉಂಟಲ್ಲವೇ?

ಗೀಚುಬರಹ

ಉಂಟು. ಆದರೆ ಸರಳವಾಗಿ ಬರೆದವರು ತಮ್ಮ ಪ್ರಾಮಾಣಿಕತೆಗೆ ಚಪ್ಪಾಳೆ ತಟ್ಟಿಕೊಳ್ಳುವುದೂ ಅಷ್ಟೇ ಉಂಟು.

ಅಂಚುಟಿಪ್ಪಣಿ

ಇಬ್ಬರ ವಾದವನ್ನೂ ಬದಿಗಿಟ್ಟು ನಾನು ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ಬಿಡಿಹಾಳೆಯವರಿಗೆ ಉಪಯೋಗವಾದೀತು. ನಾನು ಪುಸ್ತಕದ ಬಲಪುಟದಲ್ಲಿ ಮಾತ್ರ ಬರೆಯುತ್ತೇನೆ. ಎಡಪುಟವನ್ನು ಖಾಲಿ ಬಿಡುತ್ತೇನೆ. ಬಲಪುಟದಲ್ಲಿ ಅಂದಂದಿನ ಬರಹ, ಹೇಗೆ ಬಂದರೆ ಹಾಗೆ: ಕಾಗುಣಿತ ತಪ್ಪಿದರೂ ಸರಿ, ಒಂದೇ ಮಾತು ಎರಡೆರಡು ಸಲ ಬಂದರೂ ಸರಿ, ಚಿತ್ತು ಹೊಡೆಯುವಂತಿಲ್ಲ. ಒಂದೆರಡು ತಿಂಗಳು ಕಳೆದ ಮೇಲೆ ಅದೇ ಪುಟಕ್ಕೆ ಹಿಂದಿರುಗಿ, ಅಲ್ಲಿನ ಯಾವ ಸಾಲು ಈಗಲೂ ಚುರುಕಾಗಿ ತಾಗುತ್ತದೆಯೋ ಅದರ ಎದುರಿಗೆ ಎಡಪುಟದಲ್ಲಿ ಕೆಲಸ ಆರಂಭಿಸುತ್ತೇನೆ. ಪದ ಬದಲಾಯಿಸುವುದು, ಸಂಭಾಷಣೆ ಸೇರಿಸುವುದು, ಬೇರೊಬ್ಬರ ಕಣ್ಣಿನಿಂದ ಅದೇ ಘಟನೆಯನ್ನು ನೋಡುವುದು ಎಲ್ಲವೂ ಎಡಪುಟದಲ್ಲಿ ಮಾತ್ರ. ಬಲಪುಟವನ್ನು ಮುಟ್ಟುವುದಿಲ್ಲ.

ಇದರಿಂದ ಒಂದು ಲಾಭವಿದೆ. ಸಾಹಿತ್ಯದ ಆಸೆಯನ್ನು ಅಡಗಿಸಬೇಕಾದ ಅಗತ್ಯವೇ ಬರುವುದಿಲ್ಲ, ಅದನ್ನು ಮುಂದೂಡಿದರೆ ಸಾಕು. ಬರೆಯುವಾಗ ಒಂದು ಒಳ್ಳೆಯ ಪದ ಹೊಳೆದು ಕಾಡಿದರೆ ಪುಟದ ಅಂಚಿನಲ್ಲಿ ಗುರುತು ಹಾಕಿ ಮುಂದೆ ಹೋಗುತ್ತೇನೆ.

ಮೌನಿ

ಎಡಪುಟದ ಕ್ರಮ ಬಹಳ ಹಿಡಿಸಿತು. ಕಾಗದ ದುಂದಾಗುತ್ತದೆ ಎನ್ನುವವರು ಪುಟದ ಮೂರನೇ ಒಂದು ಭಾಗಕ್ಕೆ ಗೆರೆ ಎಳೆದು ಬಿಟ್ಟರೂ ಸಾಕು.

ನೀಲಿಪೆನ್ಸಿಲ್

ಮನಸ್ಸಿಗೆ ತೋಚಿದ್ದನ್ನೆಲ್ಲ ಹೊರಹಾಕಿದರೆ ಆರೋಗ್ಯಕ್ಕೂ ಒಳ್ಳೆಯದೆಂದು ಅಧ್ಯಯನಗಳು ಸಾಬೀತುಪಡಿಸಿವೆ. ಹೀಗಿರುವಾಗ ಡೈರಿಯನ್ನು ಕಲೆಗೆ ಬಳಸಿಕೊಂಡು ಅದರ ಔಷಧಗುಣವನ್ನು ಹಾಳುಮಾಡುವುದೇಕೆ?

ತಿದ್ದುಪಡಿ

ನೀಲಿಪೆನ್ಸಿಲ್ ಅವರೇ, ಆ ಅಧ್ಯಯನಗಳು ಹೇಳುವುದು ನೀವು ಹೇಳಿದಷ್ಟು ಸರಳವಾಗಿಲ್ಲ. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ ಬರೆದರು. ಕೆಲವರು ತಮ್ಮ ಬದುಕಿನ ಕಹಿ ಘಟನೆಯ ವಿವರಗಳನ್ನು ಮಾತ್ರ ಬರೆದರು, ಕೆಲವರು ಭಾವನೆಗಳನ್ನು ಮಾತ್ರ, ಇನ್ನು ಕೆಲವರು ಎರಡನ್ನೂ ಕೂಡಿಸಿ; ಮತ್ತೊಂದು ಗುಂಪು ಮಾಮೂಲಿ ವಿಷಯಗಳನ್ನು ಬರೆಯಿತು. ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋಗುವುದು ಕಡಿಮೆಯಾಗಿ ಕಂಡದ್ದು ಘಟನೆ ಮತ್ತು ಭಾವನೆ ಎರಡನ್ನೂ ಬರೆದವರಲ್ಲಿ. ಬರೆದ ಕೂಡಲೇ ಅವರ ಮನಸ್ಸು ಹಗುರವಾಗಲಿಲ್ಲ, ಇನ್ನಷ್ಟು ಭಾರವಾಯಿತು ಎಂಬುದನ್ನೂ ಸಂಶೋಧಕರು ದಾಖಲಿಸಿದ್ದಾರೆ.

ಆಮೇಲೆ 1997ರ ಇನ್ನೊಂದು ಬರಹದಲ್ಲಿ ಪೆನ್ನೆಬೇಕರ್ ಮತ್ತು ಸಂಗಡಿಗರು ಇಂಥ ಬರಹಗಳ ಪದಗಳನ್ನೇ ಎಣಿಸಿ ನೋಡಿದರು. ದಿನದಿಂದ ದಿನಕ್ಕೆ "ಏಕೆಂದರೆ", "ಈಗ ಅರ್ಥವಾಗುತ್ತಿದೆ" ಎಂಬ ಜಾತಿಯ, ಅಂದರೆ ಕಾರಣ ಹುಡುಕುವ, ಅರ್ಥ ಕಾಣುವ ಪದಗಳು ಹೆಚ್ಚುತ್ತ ಹೋದವರಿಗೆ ಹೆಚ್ಚು ಪ್ರಯೋಜನವಾಗಿತ್ತು. ಚೆಲ್ಲಾಪಿಲ್ಲಿಯಾಗಿದ್ದ ಘಟನೆ ಒಂದು ಕಥೆಯ ಆಕಾರಕ್ಕೆ ಬಂದಾಗ ಬರೆದವರಿಗೆ ನೆರವಾಗುತ್ತದೆ ಎಂಬುದು ಇದರ ಇಂಗಿತ. ಆದ್ದರಿಂದ ಕಥನಕಲೆ ಡೈರಿಯ ಔಷಧಗುಣವನ್ನು ಕೆಡಿಸುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಅದಕ್ಕೆ ವಿರುದ್ಧವಾದ ಸೂಚನೆಯೇ ಇದೆ. ಇಷ್ಟಾಗಿಯೂ 2006ರಲ್ಲಿ 146 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು ಪರಿಣಾಮ ಇದೆ, ಆದರೆ ಸಣ್ಣದು ಎಂದಿತು. ಡೈರಿಯನ್ನು ಔಷಧವೆಂದು ಕರೆಯುವಾಗ ಇದನ್ನೂ ನೆನಪಿಡೋಣ.

ನೀಲಿಪೆನ್ಸಿಲ್

ವಿವರಿಸಿದ್ದಕ್ಕೆ ಧನ್ಯವಾದಗಳು. ಆದರೂ ಕಥೆಯ ಆಕಾರಕ್ಕೆ ತರುವುದು ಬೇರೆ, ಮುಸ್ಸಂಜೆಯ ಬೆಳಕನ್ನು ವರ್ಣಿಸುವುದು ಬೇರೆ. ಮೊದಲನೆಯದರಲ್ಲಿ ಘಟನೆ ಸ್ಪಷ್ಟವಾಗುತ್ತದೆ, ಎರಡನೆಯದರಲ್ಲಿ ಮುಚ್ಚಿಹೋಗುತ್ತದೆ. ನನ್ನ ಆಕ್ಷೇಪವಿರುವುದು ಎರಡನೆಯದಕ್ಕೆ.

ತಿದ್ದುಪಡಿ

ಅದನ್ನು ನಾನೂ ಒಪ್ಪುತ್ತೇನೆ.

ಕದವಿಲ್ಲದಮನೆ

ಮುಚ್ಚುವುದೇ ಕೆಲವರ ಅಗತ್ಯವಾಗಿರುತ್ತದೆ ಎಂಬುದನ್ನು ಇಲ್ಲಿ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಾನು ಬೆಳೆದ ಮನೆಯಲ್ಲಿ ನನ್ನ ಪುಸ್ತಕಗಳನ್ನು ತೆಗೆದು ಓದುವುದು ಹಿರಿಯರ ಹಕ್ಕೆಂದೇ ಭಾವಿಸಲಾಗಿತ್ತು. ಒಮ್ಮೆ ಊಟಕ್ಕೆ ಕುಳಿತಾಗ ನನ್ನ ಡೈರಿಯ ಸಾಲನ್ನು ನನಗೇ ಓದಿ ಹೇಳಿದರು. ಅಂದಿನಿಂದ ನಾನು ರೂಪಕಗಳಲ್ಲಿ ಬರೆಯಲು ಕಲಿತೆ. ಮನೆಯವರೆಲ್ಲ ಪಕ್ಷಿಗಳಾದರು, ಜಗಳಗಳು ಮಳೆಗಾಲವಾದವು. ಓದಿದವರು "ಎಷ್ಟು ಚೆನ್ನಾಗಿ ಕವಿತೆ ಬರೆಯುತ್ತೀಯೆ" ಎಂದು ಹೊಗಳಿದರು. ಅವರ ಕುರಿತೇ ಬರೆದದ್ದೆಂದು ಅವರಿಗೆ ತಿಳಿಯಲೇ ಇಲ್ಲ.

ಹಾಗಾಗಿ ಅಲಂಕಾರವೆಂದರೆ ಓದುಗರನ್ನು ಮೆಚ್ಚಿಸುವ ಆಸೆ ಮಾತ್ರ ಎಂದುಕೊಳ್ಳಬೇಡಿ. ನನ್ನ ಮಟ್ಟಿಗೆ ಅದೇ ನನ್ನ ಕೋಣೆಯ ಬಾಗಿಲಾಗಿತ್ತು. ಅದರ ಬೆಲೆಯನ್ನೂ ಹೇಳಿಬಿಡಬೇಕು: ಆ ಪುಟಗಳನ್ನು ಇಂದು ತೆರೆದರೆ ಯಾವ ಹಕ್ಕಿ ಯಾರು, ಯಾವ ಮಳೆಗಾಲ ಯಾವ ಜಗಳ ಎಂಬುದು ಅರ್ಧದಷ್ಟೂ ನನಗೆ ತಿಳಿಯುವುದಿಲ್ಲ. ಬೇರೆಯವರಿಂದ ಬಚ್ಚಿಟ್ಟದ್ದು ನನಗೂ ಸಿಗದಂತಾಗಿದೆ.

ಗೀಚುಬರಹ

ಓದಿ ಮನಸ್ಸಿಗೆ ನೋವಾಯಿತು. ನಿಮ್ಮ ಡೈರಿಯನ್ನು ತೆಗೆದು ಓದಿದ್ದು ಅನ್ಯಾಯ, ಅದಕ್ಕೆ ಬೇರೆ ಹೆಸರಿಲ್ಲ.

ಕೊನೆಪುಟ

ಬಚ್ಚಿಟ್ಟುಕೊಂಡು ಬರೆಯುವ ಮಾತು ಬಂದದ್ದರಿಂದ ಬಿಯಾಟ್ರಿಕ್ಸ್ ಪಾಟರ್ ಅವರನ್ನು ನೆನಪಿಸುತ್ತೇನೆ. ಮಕ್ಕಳ ಪುಸ್ತಕಗಳಿಂದ ಹೆಸರಾದ ಈ ಲೇಖಕಿ ಹದಿಹರೆಯದಿಂದ ಸುಮಾರು 30ರ ವಯಸ್ಸಿನವರೆಗೆ ತಾನೇ ಕಟ್ಟಿಕೊಂಡ ಗುಪ್ತಲಿಪಿಯಲ್ಲಿ, ಬಹಳ ಸಣ್ಣ ಅಕ್ಷರಗಳಲ್ಲಿ ಡೈರಿ ಬರೆದರು. ಅವರು ತೀರಿಕೊಂಡ ಮೇಲೆ ಲೆಸ್ಲಿ ಲಿಂಡರ್ ಎಂಬವರು ವರ್ಷಗಟ್ಟಲೆ ಒದ್ದಾಡಿ, 1958ರಲ್ಲಿ 1793 ಎಂಬ ಇಸವಿ ಮತ್ತು ರೋಮನ್ ಅಂಕಿಯಲ್ಲಿದ್ದ 16 ಇವೆರಡರ ಸುಳಿವು ಹಿಡಿದು, ಇದು ಫ್ರಾನ್ಸಿನ ಹದಿನಾರನೆಯ ಲೂಯಿಯ ಮರಣದಂಡನೆಯ ಪ್ರಸ್ತಾಪವಿರಬೇಕೆಂದು ಊಹಿಸಿ ಲಿಪಿಯನ್ನು ಬಿಡಿಸಿದರು. 1966ರಲ್ಲಿ ಅದು ಪುಸ್ತಕವಾಯಿತು.

ಅಷ್ಟು ಜೋಪಾನವಾಗಿ ಮುಚ್ಚಿಟ್ಟ ಪುಟಗಳಲ್ಲಿ ಭಯಂಕರ ಗುಟ್ಟುಗಳಿರಲಿಲ್ಲ. ನೋಡಿದ ಚಿತ್ರಪ್ರದರ್ಶನಗಳ ಬಗ್ಗೆ ಖಂಡತುಂಡ ಅಭಿಪ್ರಾಯಗಳಿದ್ದವು, ಮನೆಗೆ ಬಂದುಹೋದವರ ಸುದ್ದಿಯಿತ್ತು, ಪ್ರಾಣಿಗಳ ವಿಚಾರವಿತ್ತು. ಹೆಸರಾಂತ ಚಿತ್ರಕಾರರ ಕೃತಿಯನ್ನು ಚೆನ್ನಾಗಿಲ್ಲವೆಂದು ಹೇಳುವುದಕ್ಕೆ ಎಳೆಯ ಹುಡುಗಿಯೊಬ್ಬಳಿಗೆ ಬೇರೆ ಜಾಗವೇ ಇರಲಿಲ್ಲ. ಖಾಸಗಿತನ ಬೇಕಾಗುವುದು ಗುಟ್ಟು ಇರುವವರಿಗೆ ಮಾತ್ರ ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ. ಸ್ವಂತ ಅಭಿರುಚಿ ಗಟ್ಟಿಯಾಗುವ ಮೊದಲು ಅದನ್ನು ಯಾರ ಎದುರೂ ಸಮರ್ಥಿಸಿಕೊಳ್ಳಬೇಕಾಗಿ ಬರದ ಒಂದು ಸ್ಥಳ ಬೇಕಾಗುತ್ತದೆ, ಮತ್ತು ಬರೆಯುವವರಿಗಂತೂ ಅದು ತೀರಾ ಅವಶ್ಯಕ.

ಶಾಯಿಬುಡ್ಡಿ

17ನೇ ಶತಮಾನದ ಇಂಗ್ಲಿಷ್ ಡೈರಿಕಾರ ಸ್ಯಾಮ್ಯುಯಲ್ ಪೀಪ್ಸ್ ಕೂಡ ಹಾಗೆಯೇ ಗುಪ್ತಲಿಪಿ ಕಂಡುಹಿಡಿದು ಬರೆದಿದ್ದನಲ್ಲವೇ?

ತಿದ್ದುಪಡಿ

ಅದು ಅವನು ಕಂಡುಹಿಡಿದ ಲಿಪಿಯಲ್ಲ. ಥಾಮಸ್ ಶೆಲ್ಟನ್ ಎಂಬವರು ರೂಪಿಸಿದ್ದ, ಆ ಕಾಲದಲ್ಲಿ ಪುಸ್ತಕವಾಗಿ ಮಾರಾಟವಾಗುತ್ತಿದ್ದ ಶೀಘ್ರಲಿಪಿ. 1660ರ ಜನವರಿ 1ರಿಂದ 1669ರ ಮೇ 31ರವರೆಗೆ ಪೀಪ್ಸ್ ಅದರಲ್ಲಿಯೇ ಬರೆದ. ತೀರಾ ಮುಜುಗರದ ಸಂಗತಿ ಬಂದಾಗ ಸ್ಪ್ಯಾನಿಷ್, ಫ್ರೆಂಚ್ ಪದಗಳನ್ನು ಬೆರೆಸಿದ. 1819ರಲ್ಲಿ ಅದನ್ನು ಓದಲು ಕುಳಿತ ಜಾನ್ ಸ್ಮಿತ್ ಎಂಬ ಯುವಕ ಸುಮಾರು ಮೂರು ವರ್ಷ ತೆಗೆದುಕೊಂಡು ಬಿಡಿಸಿದ. ಆ ಲಿಪಿಯ ಕೈಪಿಡಿ ಪೀಪ್ಸನ ಗ್ರಂಥಾಲಯದಲ್ಲೇ ಇದ್ದದ್ದು ಅವನಿಗೆ ತಿಳಿದಿರಲಿಲ್ಲ.

ನಮ್ಮ ಚರ್ಚೆಗೆ ಬೇಕಾದ ಅಂಶವೆಂದರೆ, ಅವನು ಆ ಆರು ಸಂಪುಟಗಳನ್ನು ಚೆನ್ನಾಗಿ ಬೈಂಡ್ ಮಾಡಿಸಿ, ತನ್ನ ಗ್ರಂಥಾಲಯದ ಜೊತೆಯಲ್ಲೇ ಉಳಿಯುವಂತೆ ಬಿಟ್ಟುಹೋದ. ಅದು ಇಂದು ಕೇಂಬ್ರಿಜ್‌ನ ಮ್ಯಾಗ್ಡಲೀನ್ ಕಾಲೇಜಿನಲ್ಲಿದೆ. ಬದುಕಿರುವಾಗ ಯಾರೂ ಓದಬಾರದು, ಆದರೆ ನಾಶವಾಗಲೂಬಾರದು ಎಂಬ ಎರಡು ಆಸೆಗಳೂ ಒಬ್ಬನಲ್ಲೇ ಇರಬಲ್ಲವು. ಬಿಡಿಹಾಳೆಯವರು ತಮ್ಮಲ್ಲಿ ಏನೋ ಕೆಟ್ಟುಹೋಗಿದೆಯೆಂದು ಅಂಜಬೇಕಾಗಿಲ್ಲ.

ಕರಡುಪ್ರತಿ

ಪೀಪ್ಸನ ಡೈರಿಯಲ್ಲಿ ಜನ ಇಂದಿಗೂ ನೆನಪಿಟ್ಟುಕೊಂಡಿರುವುದು ಯಾವುದನ್ನು? 1666ರಲ್ಲಿ ಲಂಡನ್ ಹೊತ್ತಿ ಉರಿಯುತ್ತಿರುವಾಗ ಅವನು ಗುಂಡಿ ತೋಡಿ ತನ್ನ ವೈನ್ ಮತ್ತು ಪಾರ್ಮೆಸಾನ್ ಚೀಸನ್ನು ಹೂತಿಟ್ಟದ್ದನ್ನು. ಮಹಾದುರಂತದ ಬಗ್ಗೆ ಭವ್ಯವಾಗಿ ಬರೆಯಲು ಹೊರಟವರು ಚೀಸಿನ ಮಾತನ್ನು ಬಿಟ್ಟುಬಿಡುತ್ತಿದ್ದರು. ತನಗಾಗಿ ಬರೆದುಕೊಂಡದ್ದರಿಂದಲೇ ಅದು ಉಳಿಯಿತು. ನನ್ನ ಮೊದಲಿನ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾಗಿಲ್ಲ.

ಗೀಚುಬರಹ

ಒಂದೇ ಸಾಕ್ಷಿಯ ಮೇಲೆ ಗೆದ್ದೆನೆನ್ನಬೇಡಿ. ನಾಜಿಗಳಿಂದ ಅಡಗಿ ಕುಳಿತು ಡೈರಿ ಬರೆದ ಯಹೂದಿ ಹುಡುಗಿ ಆನ್ ಫ್ರಾಂಕ್ ಮಾಡಿದ್ದೇನು? 1944ರ ಮಾರ್ಚ್ 28ರಂದು, ದೇಶದಿಂದ ಹೊರಗಿದ್ದ ಡಚ್ ಸರ್ಕಾರದ ಸಚಿವ ಬೋಲ್ಕೆಸ್ಟೀನ್, ಜನರು ತಮ್ಮ ಡೈರಿ, ಪತ್ರಗಳನ್ನು ಕಾಪಾಡಿಡಬೇಕು, ಯುದ್ಧ ಮುಗಿದ ಮೇಲೆ ಅವುಗಳನ್ನು ಸಂಗ್ರಹಿಸಲಾಗುವುದು ಎಂದು ರೇಡಿಯೊದಲ್ಲಿ ಹೇಳಿದರು. ಅದನ್ನು ಕೇಳಿದ ಆ ಹುಡುಗಿ ಮೇ ತಿಂಗಳಿನಿಂದ ತನ್ನ ಡೈರಿಯನ್ನು ಬಿಡಿಹಾಳೆಗಳ ಮೇಲೆ ಮೊದಲಿನಿಂದ ತಿದ್ದಿ ಬರೆಯತೊಡಗಿದಳು. ಬೇಡವೆನಿಸಿದ್ದನ್ನು ಬಿಟ್ಟಳು, ಕೆಲವನ್ನು ಬೆಳೆಸಿದಳು, ಜೊತೆಗಿದ್ದವರಿಗೆ ಬೇರೆ ಹೆಸರುಗಳನ್ನು ಯೋಚಿಸಿಟ್ಟಳು. ಆಗಸ್ಟ್ 4ರಂದು ಬಂಧನವಾಗುವವರೆಗೂ ಆ ಕೆಲಸ ನಡೆದಿತ್ತು. ಓದುಗರಿದ್ದಾರೆಂದು ತಿಳಿದು, ಲೇಖಕಿಯಾಗಬೇಕೆಂಬ ಆಸೆಯಿಂದಲೇ ತಿದ್ದಿದ್ದು. ಅದರಿಂದ ಸತ್ಯ ಕಡಿಮೆಯಾಯಿತೇ?

ಅಂಚುಟಿಪ್ಪಣಿ

ಗೀಚುಬರಹ ಅವರೇ, ನೀವು ಹೇಳಿದ್ದು ಸರಿಯಾಗಿದೆ, ಆದರೆ ಅದರಲ್ಲಿ ಒಂದು ಕ್ರಮವಿರುವುದನ್ನು ನೋಡಿ. ಮೊದಲು ತನಗಾಗಿ ಬರೆದಳು, ಆ ಬಳಿಕ ಓದುಗರಿಗಾಗಿ ತಿದ್ದಿದಳು. ತಿದ್ದಿದ್ದು ಬೇರೆ ಹಾಳೆಗಳ ಮೇಲೆ. ಮೂಲವನ್ನು ಹರಿದುಹಾಕಲಿಲ್ಲ. ಹಾಗಾಗಿಯೇ ಇಂದು ವಿದ್ವಾಂಸರು ಎರಡನ್ನೂ ಬೇರೆ ಬೇರೆ ಆವೃತ್ತಿಗಳೆಂದು ಅಕ್ಕಪಕ್ಕ ಇಟ್ಟು ಓದುತ್ತಾರೆ. ನಾನು ಬಲಪುಟ, ಎಡಪುಟ ಎಂದು ಹೇಳಿದ್ದು ಇದನ್ನೇ.

ಅವಳು ಮೂಲ ಡೈರಿಯ ಎರಡು ಪುಟಗಳಿಗೆ ಕಂದು ಕಾಗದ ಅಂಟಿಸಿ ಮುಚ್ಚಿದ್ದಳು. 2018ರಲ್ಲಿ ಸಂಶೋಧಕರು ಛಾಯಾಚಿತ್ರ ತಂತ್ರದ ನೆರವಿನಿಂದ ಅದರ ಅಡಿಯ ಬರಹವನ್ನೂ ಓದಿ ಪ್ರಕಟಿಸಿದರು. ಅದನ್ನು ಮಾಡಬೇಕಾಗಿತ್ತೇ ಎಂಬುದು ನನ್ನನ್ನು ಇವತ್ತಿಗೂ ಕಾಡುವ ಪ್ರಶ್ನೆ. ಅವಳೇ ಅಂಟಿಸಿದ ಕಾಗದವದು.

ಮೌನಿ

ಬೇಕಾಗಿರಲಿಲ್ಲ ಎಂದೇ ನನ್ನ ಖಚಿತ ಅಭಿಪ್ರಾಯ.

ಕೊನೆಪುಟ

ನನ್ನದು ಬೇರೆ ಅಭಿಪ್ರಾಯ. ಆ ಪುಟಗಳಲ್ಲಿದ್ದದ್ದು ಪೋಲಿ ನಗೆಹನಿಗಳು ಮತ್ತು ಲೈಂಗಿಕತೆಯ ಬಗೆಗಿನ ಎಳೆಯ ಕುತೂಹಲ. ಅವಳನ್ನು ಪ್ರತಿಮೆಯಾಗಿಸಿಬಿಟ್ಟ ಲೋಕಕ್ಕೆ ಅವಳು ಸಾಮಾನ್ಯ ಹುಡುಗಿಯೂ ಆಗಿದ್ದಳೆಂದು ತಿಳಿದದ್ದು ಒಳ್ಳೆಯದೇ ಆಯಿತು.

ಮೌನಿ

ಲೋಕಕ್ಕೆ ಒಳ್ಳೆಯದಾಯಿತೆಂಬುದು ಅವಳ ಒಪ್ಪಿಗೆಯಾಗುವುದಿಲ್ಲ.

ನೆರಳುಬೆಳಕು

ಒಪ್ಪಿಗೆಯ ಮಾತು ಬಂತು, ಆದ್ದರಿಂದ ಕೇಳುತ್ತೇನೆ: ಇಷ್ಟು ಹೊತ್ತು ಎಲ್ಲರೂ ಬರೆಯುವವರ ಖಾಸಗಿತನದ ಬಗ್ಗೆಯೇ ಮಾತಾಡುತ್ತಿದ್ದೀರಲ್ಲ, ಡೈರಿಯೊಳಗೆ ಬರುವ ಉಳಿದವರ ಗತಿಯೇನು? ನನ್ನ ಸ್ನೇಹಿತರೊಬ್ಬರು ತಮ್ಮ ಡೈರಿಯಿಂದ ಎತ್ತಿ ಒಂದು ಪ್ರಬಂಧ ಪ್ರಕಟಿಸಿದರು. ಅದರಲ್ಲಿ ನನ್ನ ಹೆಸರಿರಲಿಲ್ಲ. ಆದರೆ ನಾನು ಫೋನಿನಲ್ಲಿ ಅಳುತ್ತ ಹೇಳಿದ ಮಾತುಗಳು ಉದ್ಧರಣ ಚಿಹ್ನೆಯೊಳಗೆ ಹಾಗೆಹಾಗೆಯೇ ಇದ್ದವು. ನಮ್ಮಿಬ್ಬರನ್ನೂ ಬಲ್ಲವರಿಗೆ ಅದು ನಾನೆಂದು ಗೊತ್ತಾಗಲು ಒಂದು ನಿಮಿಷವೂ ಬೇಕಾಗಲಿಲ್ಲ. ಅವರ ಡೈರಿಯಲ್ಲಿ ಅದು ಇದ್ದದ್ದಕ್ಕೆ ನನ್ನ ತಕರಾರಿಲ್ಲ, ತಮ್ಮ ದಿನವನ್ನು ಬರೆದುಕೊಳ್ಳುವ ಹಕ್ಕು ಎಲ್ಲರಿಗೂ ಇದೆ. ಅಲ್ಲಿಂದ ಹೊರಗೆ ತರುವಾಗ ನನ್ನನ್ನು ಒಂದು ಮಾತು ಕೇಳಬೇಕಾಗಿತ್ತು.

ಬಿಡಿಹಾಳೆಯವರ ಅಕ್ಕನ ವಿಷಯವೂ ಹಾಗೆಯೇ. ಡೈರಿಯಲ್ಲಿ ಅವರ ಬಗ್ಗೆ ಎಷ್ಟು ಕಟುವಾಗಿ ಬೇಕಾದರೂ ಬರೆಯಲಿ. ಕಥೆಯಾಗಿ ಹೊರಬರುವಾಗ ಆ ಅಕ್ಕನಿಗೂ ಒಂದು ಮನಸ್ಸಿದೆ.

ಕದವಿಲ್ಲದಮನೆ

ಟಾಲ್‌ಸ್ಟಾಯ್ 1862ರಲ್ಲಿ ಮದುವೆಗೆ ಮೊದಲು ತನ್ನ ಹಳೆಯ ಡೈರಿಗಳನ್ನು 18 ವರ್ಷದ ಸೋಫಿಯಾಳ ಕೈಗೆ ಕೊಟ್ಟು ಓದಿಸಿದ. ಪ್ರಾಮಾಣಿಕತೆಯ ಹೆಸರಿನಲ್ಲಿ ಮಾಡಿದ ಆ ಕೆಲಸದಿಂದ ಆಕೆಗಾದ ಗಾಯ ಮಾಯಲಿಲ್ಲ. ಮುಂದೆ ಇಬ್ಬರೂ ಒಬ್ಬರ ಡೈರಿಯನ್ನು ಇನ್ನೊಬ್ಬರು ಓದುತ್ತ ಬಂದರು. ಕೊನೆಗೆ 1910ರಲ್ಲಿ ಟಾಲ್‌ಸ್ಟಾಯ್ ತನಗೊಬ್ಬನಿಗೇ ಎಂದು ಇನ್ನೊಂದು ಡೈರಿ ಆರಂಭಿಸಬೇಕಾಯಿತು. ಅದೂ ಆಕೆಯ ಕೈಗೆ ಸಿಕ್ಕಿತು. ಎಲ್ಲವನ್ನೂ ತೆರೆದಿಡುವುದೇ ಹಿರಿದು ಎನ್ನುವವರು ಈ ದಂಪತಿಯ ಬದುಕನ್ನು ಒಮ್ಮೆ ನೋಡಬೇಕು.

ಕರಡುಪ್ರತಿ

ನೆರಳುಬೆಳಕು ಅವರ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಡೈರಿಯಿಂದ ಕಥೆಗೆ ಬರುವಾಗ ನಾನು ಮಾಡುವುದನ್ನು ಹೇಳುತ್ತೇನೆ. ಹೆಸರು ಬದಲಿಸಿದರೆ ಸಾಲದು, ಸಂಬಂಧವನ್ನೇ ಬದಲಿಸಬೇಕು. ಅಕ್ಕನ ಜಾಗದಲ್ಲಿ ಕಚೇರಿಯ ಹಿರಿಯ ಸಹೋದ್ಯೋಗಿಯನ್ನು ತನ್ನಿ, ಊಟದ ಮನೆಯ ಬದಲು ಬೀಳ್ಕೊಡುಗೆ ಸಮಾರಂಭವಾಗಲಿ. ತಟ್ಟೆ ಹೋಗಿ ಕಾಫಿ ಕಪ್ ಬರಲಿ. ಕೈ ನಡುಗುವುದನ್ನು ಮಾತ್ರ ಬಿಡಬೇಡಿ, ಅದು ನಿಮ್ಮದು. ಬೇರೆಯವರಿಂದ ತೆಗೆದುಕೊಂಡದ್ದನ್ನೆಲ್ಲ ಬದಲಾಯಿಸಿ, ನಿಮ್ಮ ಮೈಯಲ್ಲಿ ನಡೆದದ್ದನ್ನು ಮಾತ್ರ ಉಳಿಸಿಕೊಂಡರೆ ಕಥೆಗೂ ನ್ಯಾಯ, ಮನುಷ್ಯರಿಗೂ ನ್ಯಾಯ. ಹಾಗೆ ಬದಲಾಯಿಸುವಾಗ ಎದುರಿನವರ ಕಡೆಯಿಂದಲೂ ಯೋಚಿಸಬೇಕಾಗಿ ಬರುತ್ತದೆ. ಆ ಸಹೋದ್ಯೋಗಿ ಏಕೆ ಹಾಗೆ ಮಾತಾಡಿದರೆಂಬುದಕ್ಕೆ ಕಥೆ ಉತ್ತರ ಕೇಳುತ್ತದೆ. ಡೈರಿ ಅದನ್ನು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಬಿಡಿಹಾಳೆ

ಇಷ್ಟು ಮಂದಿ ಇಷ್ಟೊಂದು ಕಾಳಜಿಯಿಂದ ಬರೆಯುವಿರೆಂದು ನಾನು ಭಾವಿಸಿರಲಿಲ್ಲ. ಎಲ್ಲರಿಗೂ ಧನ್ಯವಾದಗಳು. ಅಂಚುಟಿಪ್ಪಣಿಯವರ ಕ್ರಮದಂತೆ ನಿನ್ನೆ ರಾತ್ರಿ ಬಲಪುಟದಲ್ಲಿ ಮಾತ್ರ ಬರೆದೆ. ನಡುವೆ "ಹಳದಿ ಮೌನ" ಎಂಬ ಪದ ಬಂದು ಬಹಳ ಕಾಡಿತು. ಅಂಚಿನಲ್ಲಿ ಒಂದು ಚುಕ್ಕೆ ಇಟ್ಟು ಮುಂದೆ ಹೋದೆ. ಬೆಳಿಗ್ಗೆ ನೋಡಿದಾಗ ಅದು ಬೇಕೆನಿಸಲಿಲ್ಲ. ಅದರ ಕೆಳಗೆ ಅಮ್ಮ ಫೋನಿನಲ್ಲಿ ಎರಡು ಸಲ "ಸರಿ, ಇಡ್ಲಾ" ಎಂದು ಕೇಳಿಯೂ ಇಡದೆ ಇದ್ದದ್ದನ್ನು ಬರೆದಿದ್ದೆ. ಅದು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ.

ಗೀಚುಬರಹ ಅವರ ಮಾತನ್ನೂ ಮರೆತಿಲ್ಲ. ಚಿತ್ರವೇ ಮೊದಲು ಬಂದ ದಿನ ಅದನ್ನೇ ಬರೆದು, ಕೆಳಗೆ ಒಂದು ಸಾಲಿನಲ್ಲಿ ಅಂದು ನಡೆದದ್ದೇನೆಂದು ದಾಖಲಿಸಿಡುವುದೆಂದು ನಿರ್ಧರಿಸಿದ್ದೇನೆ.

ಇನ್ನೊಂದು ಸಂಶಯ ಉಳಿದಿದೆ. ಕೆಲವು ಗೆಳೆಯರು ಮೊಬೈಲಿನಲ್ಲೇ ಬರೆ, ಬೀಗ ಇರುತ್ತದೆ, ಸುರಕ್ಷಿತ ಎನ್ನುತ್ತಾರೆ. ಹೌದೇ?

ಗೀಚುಬರಹ

ಒಂದು ಸಾಲಿನ ದಾಖಲೆ ಸಾಕು. ಅಷ್ಟಕ್ಕೆ ನನ್ನ ಆಕ್ಷೇಪವಿಲ್ಲ. ಕದವಿಲ್ಲದಮನೆಯವರ ಬರಹ ಓದಿದ ಮೇಲೆ ನಾನೂ ಹಾಗೆ ಮಾಡುವುದು ಒಳ್ಳೆಯದೆನ್ನಿಸುತ್ತಿದೆ.

ಹಿನ್ನೆಲೆಸದ್ದು

ಮೊಬೈಲಿನ ವಿಷಯ ನಾನು ಹೇಳುತ್ತೇನೆ, ವೃತ್ತಿಯೂ ಅದೇ. ಡೈರಿ ಆ್ಯಪ್‌ಗೆ ಪಾಸ್‌ವರ್ಡ್ ಇದೆ ಎಂದ ಮಾತ್ರಕ್ಕೆ ಒಳಗಿನ ಬರಹ ಸಂಕೇತೀಕರಣಗೊಂಡಿದೆ, ಅಂದರೆ ಕೀಲಿಯಿಲ್ಲದೆ ಓದಲಾಗದ ರೂಪಕ್ಕೆ ಬದಲಾಗಿದೆ ಎಂದರ್ಥವಲ್ಲ. ಎಷ್ಟೋ ಕಡೆ ಪಾಸ್‌ವರ್ಡ್ ತೆರೆಯುವ ಪರದೆಯನ್ನು ಮಾತ್ರ ಕಾಯುತ್ತದೆ. ಬರೆದದ್ದು ಕ್ಲೌಡ್‌ಗೆ ಹೋಗುತ್ತಿದ್ದರೆ, ಅದನ್ನು ತೆರೆಯುವ ಕೀಲಿ ನಿಮ್ಮ ಬಳಿ ಮಾತ್ರ ಇದೆಯೇ, ಕಂಪನಿಯ ಬಳಿಯೂ ಇದೆಯೇ ಎಂಬುದನ್ನು ಅವರ ವಿವರಣೆಯಲ್ಲಿ ಓದಿಕೊಳ್ಳಿ. ನಿಮ್ಮ ಬಳಿ ಮಾತ್ರ ಇದ್ದರೆ ಪಾಸ್‌ವರ್ಡ್ ಮರೆತ ದಿನ ಡೈರಿ ನಿಮಗೂ ಸಿಗದು, ಅದನ್ನೂ ತಿಳಿದಿರಬೇಕು. ಮನೆಯವರೆಲ್ಲ ಒಂದೇ ಖಾತೆ ಬಳಸುತ್ತಿದ್ದರೆ ನಿಮ್ಮ ಟಿಪ್ಪಣಿಗಳು ಮನೆಯ ಹಜಾರದಲ್ಲಿರುವ ಟ್ಯಾಬ್ಲೆಟ್‌ನಲ್ಲಿಯೂ ತೆರೆದುಕೊಳ್ಳಬಹುದು. ಖಾಸಗಿ ಡೈರಿ ಬಯಲಾಗುವುದು ಬಹುತೇಕ ಹೀಗೆಯೇ, ದೂರದ ಹ್ಯಾಕರ್‌ಗಳಿಂದ ಅಲ್ಲ.

ಬರವಣಿಗೆಯ ದೃಷ್ಟಿಯಿಂದಲೂ ಒಂದು ಮಾತು. ಪರದೆಯ ಮೇಲೆ ಅಳಿಸುವುದು ತೀರಾ ಸುಲಭ. ಮೊದಲು ಬಂದ ಸಾಲು ಯಾವುದೆಂದು ಆಮೇಲೆ ತಿಳಿಯುವುದೇ ಇಲ್ಲ. ಅಂಚುಟಿಪ್ಪಣಿಯವರ ಕ್ರಮ ಬೇಕೆನ್ನುವವರಿಗೆ ಕಾಗದವೇ ಅನುಕೂಲ.

ನೀಲಿಪೆನ್ಸಿಲ್

ಕಾಗದಕ್ಕಿರುವ ಭಯ ಬೇರೆ. ನಾವು ಹೋದ ಮೇಲೆ ಯಾರ ಕೈಗೆ ಸಿಗುತ್ತದೋ! ನನ್ನ ಪೆಟ್ಟಿಗೆಯ ತುಂಬ ಡೈರಿಗಳಿವೆ. ಕೆಲವನ್ನು ಮಕ್ಕಳು ಓದಿದರೆ ಸಂತೋಷ, ಕೆಲವನ್ನು ಓದಲೇಬಾರದು.

ಕೊನೆಪುಟ

ಲೇಖಕ ಕಾಫ್ಕಾ ತನ್ನ ಡೈರಿ, ಹಸ್ತಪ್ರತಿಗಳನ್ನೆಲ್ಲ ಸುಟ್ಟುಬಿಡುವಂತೆ ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ಬರೆದಿಟ್ಟು 1924ರಲ್ಲಿ ತೀರಿಕೊಂಡ. ಬ್ರಾಡ್ ಸುಡಲಿಲ್ಲ. ಇಂಗ್ಲಿಷ್ ಕವಿ ಫಿಲಿಪ್ ಲಾರ್ಕಿನ್ 1985ರಲ್ಲಿ ತೀರಿಕೊಂಡಾಗ, ಅವನ ಕೋರಿಕೆಯಂತೆ ಕಾರ್ಯದರ್ಶಿ ಡೈರಿಗಳನ್ನು ಯಂತ್ರಕ್ಕೆ ಕೊಟ್ಟು ಚೂರು ಮಾಡಿಸಿದರು. ಒಬ್ಬನ ಮಾತು ನಡೆಯಲಿಲ್ಲ, ಇನ್ನೊಬ್ಬನದು ನಡೆಯಿತು. ಬ್ರಾಡ್ ಮಾಡಿದ್ದರಿಂದ ಓದುಗರಿಗೆ ಲಾಭವಾಯಿತೆಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ನಾಶವಾಗಲೇಬೇಕೆಂದಿದ್ದರೆ ಆ ಕೆಲಸವನ್ನು ನಮ್ಮನ್ನು ಮೆಚ್ಚುವ ಸಾಹಿತಿ ಗೆಳೆಯರಿಗೆ ವಹಿಸಬಾರದು.

ಅಂಚುಟಿಪ್ಪಣಿ

ನೀಲಿಪೆನ್ಸಿಲ್ ಅವರೇ, ಪುಸ್ತಕಗಳನ್ನು ಈಗಲೇ ಬೇರ್ಪಡಿಸಿಡಿ. ಮಕ್ಕಳು ಓದಬಹುದಾದವುಗಳ ಮೊದಲ ಪುಟದಲ್ಲಿ "ಇದನ್ನು ಓದಬಹುದು" ಎಂದು ನಿಮ್ಮ ಕೈಬರಹದಲ್ಲೇ ಬರೆದು ದಿನಾಂಕ ಹಾಕಿ. ಉಳಿದವುಗಳನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು, ಏನು ಮಾಡಬೇಕೆಂಬುದನ್ನು ನಿಮ್ಮ ಮಾತಿಗೆ ಬೆಲೆ ಕೊಡುವ ಒಬ್ಬರಿಗೆ ಬಾಯಿಬಿಟ್ಟು ಹೇಳಿ. ಯಾರೂ ನೋಡಬಾರದೆಂಬುದು ಅಷ್ಟು ಖಚಿತವಿದ್ದರೆ ಬೇರೆಯವರಿಗೆ ಬಿಡದೆ ನೀವೇ ಹರಿದುಹಾಕಿ. ಹರಿಯುವ ಮುನ್ನ ಕಥೆಗೆ ಬೇಕಾದ ಸಾಲುಗಳಿದ್ದರೆ, ಹೆಸರುಗಳನ್ನು ಬಿಟ್ಟು, ಬೇರೆ ಪುಸ್ತಕಕ್ಕೆ ಇಳಿಸಿಕೊಳ್ಳಿ.

ನೀಲಿಪೆನ್ಸಿಲ್

ಈ ಭಾನುವಾರವೇ ಪೆಟ್ಟಿಗೆ ತೆಗೆಯುತ್ತೇನೆ. ಓದಬಹುದಾದವುಗಳ ಸಂಖ್ಯೆಯೇ ಹೆಚ್ಚಿದೆ ಎಂದು ನನ್ನ ಅಂದಾಜು.